ಥೀಮ್ ಪಾರ್ಕ್ ಪ್ರವಾಸದ ಪ್ರಚಾರ ವೀಡಿಯೊಗಳು: ಕರಾವಳಿಯ ಕುಟುಂಬಕ್ಕೆ ಎಷ್ಟು ಉಪಯುಕ್ತ?

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಮಂಗಳೂರು, ಉಡುಪಿಯ ಮನೆಗಳಲ್ಲಿ ಒಂದು ಬಗೆಯ ವೀಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ದಾಟಲು ತೊಡಗುತ್ತವೆ. ಅಬುಧಾಬಿಯಲ್ಲಿರುವ ಚಿಕ್ಕಪ್ಪ ಕಳುಹಿಸಿದ್ದು ಒಂದು, ಕಂಕನಾಡಿಯ ಯಾವುದೋ ಟ್ರಾವೆಲ್ ಏಜೆನ್ಸಿಯ ವಾಟ್ಸಾಪ್ ಗುಂಪಿನಲ್ಲಿ ಬಂದದ್ದು ಇನ್ನೊಂದು, ಮಕ್ಕಳು ಯೂಟ್ಯೂಬಿನಲ್ಲಿ ತಾವೇ ಹುಡುಕಿಕೊಂಡದ್ದು ಮತ್ತೊಂದು. ಎಲ್ಲವೂ ಥೀಮ್ ಪಾರ್ಕ್‌ಗಳದ್ದು, ಎಲ್ಲವೂ ನಮ್ಮ ರಜೆಯನ್ನು ಯೋಜಿಸಿಕೊಳ್ಳಲು ನೆರವಾಗುತ್ತೇವೆ ಎನ್ನುವಂಥವು. ಜಾಹೀರಾತು ಎಂದು ಇವನ್ನು ಒಟ್ಟಾಗಿ ಬದಿಗೆ ತಳ್ಳಬಹುದು. ಆದರೆ ನೆರವಾಗುತ್ತೇವೆಂದು ಹೇಳಿಕೊಂಡು ಬರುವ ವಸ್ತುವನ್ನು ಅದೇ ಅಳತೆಯಲ್ಲಿ ತೂಗುವುದು ಹೆಚ್ಚು ನ್ಯಾಯವೆಂದು ನನಗೆ ತೋರುತ್ತದೆ. ಮೊಣಕಾಲು ನೋವಿನ ಅಜ್ಜಿ, ಎತ್ತರದಲ್ಲೂ ಧೈರ್ಯದಲ್ಲೂ ಒಂದೇ ಸಮ ಇಲ್ಲದ ಇಬ್ಬರು ಮಕ್ಕಳು, ಸಸ್ಯಾಹಾರ ಬಿಟ್ಟು ಬೇರೇನೂ ಮುಟ್ಟದ ಒಬ್ಬರು, ಎಲ್ಲರ ಖರ್ಚನ್ನು ಹೊರುವ ಒಬ್ಬರು ಇರುವ ಮನೆಯೊಂದು ವೀಡಿಯೊ ನೋಡಿ ಮುಗಿಸಿ, ಕ್ಯಾಲೆಂಡರನ್ನೂ ಕಾಗದವನ್ನೂ ಮುಂದಿಟ್ಟುಕೊಂಡು ಕುಳಿತರೆ ಏನನ್ನಾದರೂ ತೀರ್ಮಾನಿಸಲು ಸಾಧ್ಯವೇ ಎಂಬುದೇ ಈ ವಿಮರ್ಶೆಯ ಪ್ರಶ್ನೆ.

ಈ ಅಳತೆಯಲ್ಲಿ ಗೆಲ್ಲುವುದು, ಆಶ್ಚರ್ಯವೆನಿಸಿದರೂ, ಎಲ್ಲಕ್ಕಿಂತ ಹಳೆಯದು. ಅಮೆರಿಕದ ಫ್ಲಾರಿಡಾದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್ 1990ರ ದಶಕದಲ್ಲಿ, ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತವಾಗಿ ವಿಎಚ್‌ಎಸ್ ಎಂಬ ವೀಡಿಯೊ ಟೇಪುಗಳನ್ನು ಕಳುಹಿಸುತ್ತಿತ್ತು. ಮುಂದೆ ಟೇಪು ಹೋಗಿ ಡಿವಿಡಿ ಬಂತು, ಡಿವಿಡಿಯೂ ಹೋಗಿ ಎಲ್ಲವೂ ಅಂತರ್ಜಾಲಕ್ಕೆ ಬಂತು. ಆ ಹಳೆಯ ಟೇಪುಗಳನ್ನು ಜೋಪಾನವಾಗಿಟ್ಟುಕೊಂಡಿದ್ದ ಅಭಿಮಾನಿಗಳು ಅವನ್ನು ಈಗ ಯೂಟ್ಯೂಬಿಗೆ ಏರಿಸಿರುವುದರಿಂದ, ಆ ಕಾಲದಲ್ಲಿ ಡಿಸ್ನಿಯ ಅಂಚೆ ಲಕೋಟೆಯನ್ನು ಕಂಡೇ ಇರದ ನಾವೂ ಇಲ್ಲಿ ಕುಳಿತು ನೋಡಬಹುದು. ಅವುಗಳ ಬಣ್ಣ ಮಾಸಿದೆ, ನಿರೂಪಕರ ನಗು ಸ್ವಲ್ಪ ಅತಿಯೆನಿಸುತ್ತದೆ, ಹಿನ್ನೆಲೆ ಸಂಗೀತ ಒಂದು ಕ್ಷಣವೂ ಬಿಡುವು ಕೊಡುವುದಿಲ್ಲ. ಆದರೂ ಅವುಗಳಲ್ಲಿ ಒಂದು ಕ್ರಮವಿದೆ. ಜಾಗದ ಒಟ್ಟು ವಿಸ್ತಾರ ಎಷ್ಟು, ಅದರೊಳಗೆ ಯಾವ ಯಾವ ಪಾರ್ಕ್‌ಗಳಿವೆ, ಒಂದೊಂದರ ಸ್ವಭಾವವೇನು, ಉಳಿದುಕೊಳ್ಳುವ ಹೋಟೆಲುಗಳು ಯಾವ ಯಾವ ದರ್ಜೆಯವು, ಚಿಕ್ಕ ಮಕ್ಕಳಿಗೆ ಹಿಡಿಸುವುದೇನು, ಹದಿಹರೆಯದವರಿಗೆ ಏನು, ಮಕ್ಕಳಿಲ್ಲದೆ ಬಂದ ದಂಪತಿಗೆ ಏನು ಎಂಬುದನ್ನು ಒಂದಾದ ಮೇಲೆ ಒಂದರಂತೆ ಹೇಳಿ ಮುಗಿಸುತ್ತವೆ.

ಆ ವಿಸ್ತಾರವನ್ನು ತಿಳಿಯುವುದು ನಮ್ಮವರಿಗೆ ಬಹಳ ಮುಖ್ಯ. ನಮ್ಮಲ್ಲಿ ಪಾರ್ಕ್ ಎಂದರೆ ಬೆಳಿಗ್ಗೆ ಹೋಗಿ ಸಂಜೆ ಮರಳುವ ಒಂದು ಆವರಣ. ಡಿಸ್ನಿ ವರ್ಲ್ಡ್ ಸುಮಾರು 25 ಸಾವಿರ ಎಕರೆಯ ಜಾಗ. 1971ರ ಅಕ್ಟೋಬರ್ 1ರಂದು ಮ್ಯಾಜಿಕ್ ಕಿಂಗ್‌ಡಮ್ ಒಂದರಿಂದಲೇ ಆರಂಭವಾಗಿ, 1982ರಲ್ಲಿ ಎಪ್ಕಾಟ್, 1989ರಲ್ಲಿ ಸ್ಟುಡಿಯೋ ಪಾರ್ಕ್, 1998ರಲ್ಲಿ ಅನಿಮಲ್ ಕಿಂಗ್‌ಡಮ್ ಸೇರಿ ಈಗ ನಾಲ್ಕು ದೊಡ್ಡ ಪಾರ್ಕ್‌ಗಳಾಗಿವೆ. ನೀರಾಟದ ಪಾರ್ಕ್‌ಗಳು ಬೇರೆಯೇ ಇವೆ. ಒಂದೊಂದಕ್ಕೆ ಒಂದೊಂದು ದಿನವೆಂದರೂ ವಾರದ ಬಹುಪಾಲು ಅಲ್ಲೇ ಮುಗಿಯುತ್ತದೆ. ಭಾರತದಿಂದ, ಡಿಸ್ನಿ ವರ್ಲ್ಡ್‌ಗೆ ಹತ್ತಿರದ ನಗರವಾದ ಒರ್ಲಾಂಡೊಗೆ ನೇರ ವಿಮಾನವಿಲ್ಲ; ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದ ಹೊರಟವರು ದಾರಿಯಲ್ಲಿ ಒಂದೆರಡು ಕಡೆಯಾದರೂ ವಿಮಾನ ಬದಲಿಸಲೇಬೇಕು. ಅಮೆರಿಕಕ್ಕೆ ಮಗನ ಮನೆಗೆ ಹೋಗುವಾಗ ನಡುವೆ ಎರಡು ದಿನ ಡಿಸ್ನಿಗೂ ಹೋಗಿಬರೋಣ ಎಂದು ಲೆಕ್ಕ ಹಾಕುವ ಹಿರಿಯರಿಗೆ, ಆ ಎರಡು ದಿನದಲ್ಲಿ ಯಾವುದನ್ನು ಬಿಡಬೇಕು ಎಂಬುದನ್ನು ತಿಳಿಯಲು ಹಳೆಯ ಟೇಪಿನ ಅರ್ಧ ಗಂಟೆಯಷ್ಟು ನೆರವಾಗುವ ವಸ್ತುವನ್ನು ಹೊಸ ವೀಡಿಯೊಗಳಲ್ಲಿ ನಾನು ಕಾಣಲಿಲ್ಲ.

ಉಚಿತವೆಂದ ಮಾತ್ರಕ್ಕೆ ಆ ಟೇಪು ಧರ್ಮಕ್ಕೆ ಕೊಟ್ಟದ್ದಲ್ಲ. ಅದು ಬೇಕೆಂದವರು ತಮ್ಮ ವಿಳಾಸವನ್ನು ಕೊಡಬೇಕಿತ್ತು. ರಜೆಯ ಯೋಚನೆಯಲ್ಲಿರುವ ಮನೆ ಯಾವುದು ಎಂಬುದು ಹೀಗೆ ಕಂಪನಿಗೆ ಮನೆಬಾಗಿಲಿನ ಮಟ್ಟದಲ್ಲಿ ತಿಳಿಯುತ್ತಿತ್ತು. ಇಂದು ಅದೇ ಕೆಲಸವನ್ನು ನಮ್ಮ ಕ್ಲಿಕ್ಕುಗಳು ಮಾಡುತ್ತವೆ, ನಮಗೆ ತಿಳಿಯದಂತೆ ಮಾಡುತ್ತವೆ ಎಂಬುದಷ್ಟೇ ವ್ಯತ್ಯಾಸ. ಆದರೆ ಅಂಚೆ ಖರ್ಚು ಹಾಕಿ ಟೇಪು ಕಳುಹಿಸಿದ ಕಂಪನಿಗೆ, ನೋಡುವವನು ಸೋಫಾದಲ್ಲಿ ಕುಳಿತು ಕೊನೆಯವರೆಗೂ ನೋಡುತ್ತಾನೆ ಎಂಬ ಭರವಸೆಯಿತ್ತು. ಹಾಗಾಗಿ ವಿವರ ಹೇಳುವ ತಾಳ್ಮೆಯೂ ಇತ್ತು. ಮೂವತ್ತು ಸೆಕೆಂಡಿನ ರೀಲ್‌ಗೆ ಆ ಭರವಸೆ ಇಲ್ಲ. ರೋಲರ್ ಕೋಸ್ಟರ್ ಇಳಿಯುವಾಗಿನ ಕಿರುಚಾಟ, ರಾತ್ರಿಯ ಪಟಾಕಿ, ಗೊಂಬೆಯನ್ನು ಅಪ್ಪಿಕೊಂಡ ಮಗು, ಮತ್ತೆ ಕಿರುಚಾಟ ಎಂಬಲ್ಲಿಗೆ ಅದು ಮುಗಿಯುತ್ತದೆ. ಯಕ್ಷಗಾನದಲ್ಲಿ ಪ್ರಸಂಗವೇ ಇಲ್ಲದೆ ಬರಿಯ ಒಡ್ಡೋಲಗವನ್ನು ಕುಣಿಸಿ ಮಂಗಳ ಹಾಡಿದಂತೆ.

ಪಾರ್ಕ್ ಮತ್ತು ಪರದೆಯ ಈ ನಂಟು ಥೀಮ್ ಪಾರ್ಕಿನಷ್ಟೇ ಹಳೆಯದು. ಕ್ಯಾಲಿಫೋರ್ನಿಯಾದ ಮೊದಲ ಡಿಸ್ನಿಲ್ಯಾಂಡ್ ತೆರೆಯುವುದಕ್ಕೆ ತಿಂಗಳುಗಳ ಮೊದಲೇ, 1954ರ ಅಕ್ಟೋಬರಿನಿಂದ, ವಾಲ್ಟ್ ಡಿಸ್ನಿ ಎಬಿಸಿ ವಾಹಿನಿಯಲ್ಲಿ ಅದೇ ಹೆಸರಿನ ಕಾರ್ಯಕ್ರಮವೊಂದನ್ನು ನಡೆಸಿಕೊಡುತ್ತಿದ್ದರು; ಪಾರ್ಕ್ ಕಟ್ಟಲು ಆ ವಾಹಿನಿಯೂ ಹಣ ಹೂಡಿತ್ತು. 1955ರ ಜುಲೈ 17ರ ಉದ್ಘಾಟನೆಯನ್ನು ನೇರ ಪ್ರಸಾರ ಮಾಡಿದ ಮೂವರು ನಿರೂಪಕರಲ್ಲಿ ಒಬ್ಬರು, ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್. ಮನೆಯಲ್ಲಿ ಕುಳಿತವರು ಸಂಭ್ರಮವನ್ನು ನೋಡುತ್ತಿದ್ದಾಗ ಸ್ಥಳದಲ್ಲಿದ್ದವರು ಬೇರೆಯದನ್ನೇ ಅನುಭವಿಸುತ್ತಿದ್ದರು. ನಕಲಿ ಟಿಕೆಟುಗಳಿಂದಾಗಿ ಆಹ್ವಾನಿತರಿಗಿಂತ ಎಷ್ಟೋ ಹೆಚ್ಚು ಜನ ಸೇರಿದ್ದರು, ಹೊಸದಾಗಿ ಹಾಕಿದ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಹೋಗುತ್ತಿತ್ತು, ಪ್ಲಂಬರುಗಳ ಮುಷ್ಕರದಿಂದಾಗಿ ಕುಡಿಯುವ ನೀರಿನ ನಲ್ಲಿಗಳು ಸಾಲದಾಗಿದ್ದವು. ಪರದೆಯ ಮೇಲಿನ ಪಾರ್ಕಿಗೂ ನೆಲದ ಮೇಲಿನ ಪಾರ್ಕಿಗೂ ಇರುವ ಅಂತರ ಮೊದಲ ದಿನವೇ ಅಷ್ಟಿತ್ತು.

ಹಳೆಯ ಟೇಪನ್ನು ಹೊಗಳಿದ ಮೇಲೆ ಅದರ ಅಪಾಯವನ್ನೂ ಹೇಳಬೇಕು. ಯೂಟ್ಯೂಬಿನಲ್ಲಿ 1996ರ ವೀಡಿಯೊ ಮತ್ತು ಈ ವರ್ಷದ ವೀಡಿಯೊ ಅಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಮಕ್ಕಳು ವರ್ಷ ನೋಡುವುದಿಲ್ಲ. ಟೇಪುಗಳಲ್ಲಿ ಮೆರೆಯುವ ಎಪ್ಕಾಟ್‌ನ ನಾರ್ವೆ ದೋಣಿಯಾಟ ಮೇಲ್‌ಸ್ಟ್ರಾಮ್ 2014ರಲ್ಲೇ ಮುಚ್ಚಿತು. ದೋಣಿ ಜಲಪಾತದಿಂದ ಧುಮುಕುವ ಸ್ಪ್ಲ್ಯಾಶ್ ಮೌಂಟನ್ 2023ರ ಜನವರಿಯಲ್ಲಿ ನಿಂತು, ಮುಂದಿನ ವರ್ಷ ಬೇರೆ ಕಥೆ, ಬೇರೆ ಹೆಸರಿನೊಂದಿಗೆ ತೆರೆಯಿತು. ಮ್ಯಾಜಿಕ್ ಕಿಂಗ್‌ಡಮ್‌ನ ನದಿ ಮತ್ತು ಅದರ ಮೇಲೆ ಸಾಗುತ್ತಿದ್ದ ಉಗಿದೋಣಿಯನ್ನು 2025ರ ಜುಲೈಯಲ್ಲಿ ಶಾಶ್ವತವಾಗಿ ಮುಚ್ಚಲಾಯಿತು. ಆದರೆ ಆಟಗಳಿಗಿಂತ ಹೆಚ್ಚು ಹಾದಿ ತಪ್ಪಿಸುವುದು ಸೌಲಭ್ಯಗಳ ಕುರಿತ ಮಾತು. ಸರದಿಯನ್ನು ದಾಟಿ ಹೋಗಲು 1999ರಲ್ಲಿ ಆರಂಭವಾದ ಫಾಸ್ಟ್‌ಪಾಸ್ ಟಿಕೆಟಿನೊಂದಿಗೆ ಉಚಿತವಾಗಿತ್ತು. ಅದು 2021ರಲ್ಲಿ ಅಧಿಕೃತವಾಗಿ ಕೊನೆಗೊಂಡು, ಈಗ ಲೈಟ್ನಿಂಗ್ ಲೇನ್ ಎಂಬ ಹೆಸರಿನಲ್ಲಿ ಹಣ ಕೊಟ್ಟು ಕೊಳ್ಳುವ ಸರಕಾಗಿದೆ. ಒರ್ಲಾಂಡೊ ವಿಮಾನ ನಿಲ್ದಾಣದಿಂದ ಡಿಸ್ನಿಯ ಹೋಟೆಲುಗಳಿಗೆ ಉಚಿತ ಬಸ್ಸು ಇದೆಯೆಂದು 2005ರ ನಂತರದ ವೀಡಿಯೊಗಳು ಹೇಳುತ್ತಿದ್ದುದು ಆಗ ನಿಜವಾಗಿತ್ತು, 2022ರ ಆರಂಭದಿಂದ ಅಲ್ಲ. ಐದು ಜನರ ಕುಟುಂಬಕ್ಕೆ ಈ ಎರಡು ಬದಲಾವಣೆಗಳೇ ಖರ್ಚಿನ ಲೆಕ್ಕವನ್ನು ಮೇಲೆ ಕೆಳಗೆ ಮಾಡಬಲ್ಲವು. ಹಾಗಾಗಿ ಸ್ವಭಾವ ತಿಳಿಯಲು ಹಳೆಯ ಟೇಪು, ದರ ಮತ್ತು ನಿಯಮ ತಿಳಿಯಲು ಇಂದಿನ ಅಧಿಕೃತ ಜಾಲತಾಣ ಎಂದು ಎರಡನ್ನೂ ಪ್ರತ್ಯೇಕವಾಗಿಟ್ಟುಕೊಳ್ಳಬೇಕು.

ಡಿಸ್ನಿಯ ಈಗಿನ ವೀಡಿಯೊಗಳು ನೋಡಲು ಸೊಗಸಾಗಿವೆ, ಯೋಜನೆಗೆ ಅರೆಬರೆಯಾಗಿವೆ. 2018ರ ಅಕ್ಟೋಬರಿನಿಂದ ಅಲ್ಲಿಯ ಟಿಕೆಟಿನ ಬೆಲೆ ದಿನಾಂಕಕ್ಕೆ ತಕ್ಕಂತೆ ಬದಲಾಗುತ್ತದೆ. ಅದೇ ಪಾರ್ಕಿಗೆ ಕ್ರಿಸ್‌ಮಸ್ ವಾರದ ಬೆಲೆ ಬೇರೆ, ಸಾಧಾರಣ ದಿನದ ಬೆಲೆ ಬೇರೆ. ಹೀಗಿರುವಾಗ ವೀಡಿಯೊದಲ್ಲಿ ಬೆಲೆ ಹೇಳಲಾಗದು ಎಂಬುದು ಅರ್ಥವಾಗುವ ಮಾತು, ಆದರೆ ಯಾವ ತಿಂಗಳು ಅಗ್ಗ ಎಂದಾದರೂ ಹೇಳಬಹುದಿತ್ತು. ಹವಾಮಾನದ ವಿಷಯದಲ್ಲೂ ಇದೇ ಕಥೆ. ಯಾವ ಪ್ರಚಾರ ವೀಡಿಯೊದಲ್ಲೂ ಮಳೆ ಬರುವುದಿಲ್ಲ. ಫ್ಲಾರಿಡಾದಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಮಾಮೂಲು, ಮಿಂಚು ಹತ್ತಿರ ಬಂದರೆ ಹೊರಾಂಗಣದ ಆಟಗಳನ್ನು ನಿಲ್ಲಿಸುತ್ತಾರೆ, ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತಗಳ ಕಾಲ. ನಮ್ಮ ಆಟಿ ತಿಂಗಳ ಮಳೆ ನೋಡಿದವರಿಗೆ ಆ ಒಂದು ಗಂಟೆಯ ಮಳೆ ದೊಡ್ಡದೇನಲ್ಲ. ಆದರೆ ದಸರಾ ರಜೆಯನ್ನು ಲೆಕ್ಕ ಹಾಕಿ ಅಕ್ಟೋಬರಿಗೆ ಟಿಕೆಟ್ ಕಾದಿರಿಸುವವರು ಚಂಡಮಾರುತದ ಸಂಗತಿಯನ್ನು ತಿಳಿದಿರಲೇಬೇಕು.

ವೀಡಿಯೊಗಳು ತೋರಿಸದ ಇನ್ನೊಂದು ವಸ್ತು ಸರದಿ. ಇವುಗಳಲ್ಲಿ ದಾರಿಗಳು ಸದಾ ಅಗಲವಾಗಿ, ಖಾಲಿಯಾಗಿ ಕಾಣುವುದಕ್ಕೆ ಕಾರಣ ಸರಳ. ಗೇಟು ತೆರೆಯುವ ಮೊದಲು, ಇಳಿಬಿಸಿಲಿನಂಥ ಬೆಳಗಿನ ಬೆಳಕಿನಲ್ಲಿ, ಆರಿಸಿ ತಂದ ಕೆಲವೇ ಜನರನ್ನು ಓಡಾಡಿಸಿ ಚಿತ್ರೀಕರಿಸಿದರೆ ಯಾವ ಜಾಗವೂ ಹಾಗೆ ಕಾಣುತ್ತದೆ. ಅಗಲ ನೋಟದ ಲೆನ್ಸ್ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಇದನ್ನು ಮೋಸವೆಂದು ನಾನು ಕರೆಯುವುದಿಲ್ಲ. ಮದುವೆ ಹಾಲ್‌ನವರೂ ಹಾಲ್‌ನ ಫೋಟೊ ತೆಗೆಸುವುದು ಖಾಲಿ ಇರುವಾಗಲೇ. ಆದರೆ ಜನಪ್ರಿಯ ಆಟವೊಂದಕ್ಕೆ ರಜಾದಿನದಲ್ಲಿ ಒಂದು ಗಂಟೆಗೂ ಹೆಚ್ಚು ನಿಲ್ಲಬೇಕಾಗಬಹುದು ಎಂಬುದನ್ನು ಮರೆಮಾಡಿ, ಅದೇ ಸರದಿಯಿಂದ ಪಾರಾಗುವ ಪಾಸನ್ನು ಮಾತ್ರ ಉತ್ಸಾಹದಿಂದ ಮಾರುವುದು ಚೆನ್ನಾಗಿ ಕಾಣುವುದಿಲ್ಲ.

ಮಕ್ಕಳ ಎತ್ತರದ ಮಿತಿಯ ವಿಷಯದಲ್ಲಿ ಎಲ್ಲ ಪಾರ್ಕ್‌ಗಳ ವೀಡಿಯೊಗಳೂ ಸಮಾನವಾಗಿ ದುರ್ಬಲ. ಡಿಸ್ನಿ ವರ್ಲ್ಡ್‌ನ ಸ್ಪೇಸ್ ಮೌಂಟನ್‌ಗೆ 112 ಸೆಂಟಿಮೀಟರ್, ಸಿಂಗಾಪುರದ ಯೂನಿವರ್ಸಲ್ ಸ್ಟುಡಿಯೋಸ್‌ನ ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ಕೋಸ್ಟರಿಗೆ 125 ಸೆಂಟಿಮೀಟರ್ ಎತ್ತರವಿರಬೇಕು. ಪರದೆಯಲ್ಲಿ ಕೈ ಮೇಲೆತ್ತಿ ಕಿರುಚುತ್ತಿರುವ ಹುಡುಗನನ್ನು ನೋಡಿ ನಮ್ಮ ಆರು ವರ್ಷದ ಮಗು ತಾನೂ ಹತ್ತುವೆನೆಂದು ಕನಸು ಕಟ್ಟಿಕೊಂಡರೆ, ಅಲ್ಲಿ ಅಳತೆಗೋಲಿನ ಮುಂದೆ ಆಗುವ ರಂಪವನ್ನು ತಂದೆತಾಯಿಗಳೇ ನಿಭಾಯಿಸಬೇಕು. ಡಿಸ್ನಿಯಲ್ಲಿ ಇಂಥ ಸಂದರ್ಭಕ್ಕೆ ಒಳ್ಳೆಯ ವ್ಯವಸ್ಥೆಯೊಂದಿದೆ: ತಂದೆ ಆಟಕ್ಕೆ ಹೋದಾಗ ತಾಯಿ ಮಗುವಿನೊಂದಿಗೆ ಹೊರಗಿದ್ದು, ಆಮೇಲೆ ಪೂರ್ತಿ ಸರದಿಯಲ್ಲಿ ಮತ್ತೆ ನಿಲ್ಲದೆ ತಾನೂ ಹೋಗಿಬರಬಹುದು. ಯೋಜನೆಯ ವೀಡಿಯೊದಲ್ಲಿ ಪಟಾಕಿಗೆ ಕೊಟ್ಟ ಕಾಲದ ಕಾಲುಭಾಗವನ್ನು ಇದಕ್ಕೆ ಕೊಟ್ಟಿದ್ದರೂ ಸಾಕಿತ್ತು. ಊಟದ ವಿಷಯವೂ ಹೀಗೆಯೇ. ಡಿಸ್ನಿ ವರ್ಲ್ಡ್‌ನೊಳಗೆ ಮನೆಯಿಂದ ತಂದ ತಿಂಡಿಯನ್ನು ಒಯ್ಯಲು ಅಡ್ಡಿಯಿಲ್ಲ. ಗಾಜಿನ ಪಾತ್ರೆ, ಮದ್ಯ ಮುಂತಾದವಕ್ಕಷ್ಟೇ ನಿಷೇಧ. ಅಲ್ಲಿಯ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ಎಂಬ ಹೋಟೆಲಿನಲ್ಲಿ ನಾನ್ ಮತ್ತು ಬಗೆಬಗೆಯ ಚಟ್ನಿಗಳ ತಟ್ಟೆಯೇ ಪ್ರಸಿದ್ಧ ತಿನಿಸು. ಚಕ್ಕುಲಿ, ಅವಲಕ್ಕಿಯ ಡಬ್ಬವನ್ನು ಸೂಟ್‌ಕೇಸಿಗೆ ಹಾಕುವುದೋ ಬಿಡುವುದೋ ಎಂಬ ಚರ್ಚೆ ನಡೆಯುವ ನಮ್ಮ ಮನೆಗಳಿಗೆ ಈ ಎರಡು ವಾಕ್ಯಗಳ ಬೆಲೆ ದೊಡ್ಡದು.

ಕರಾವಳಿಗೆ ನಿಜವಾಗಿ ಹತ್ತಿರವಾದ ವಿದೇಶಿ ಪಾರ್ಕ್‌ಗಳು ಅಬುಧಾಬಿಯ ಯಾಸ್ ದ್ವೀಪದವು. ಬಜಪೆಯಿಂದ ನೇರ ವಿಮಾನವಿದೆ, ಪ್ರತಿ ಬೀದಿಯಲ್ಲೂ ಅಲ್ಲಿ ದುಡಿಯುವ ಒಬ್ಬರಾದರೂ ಇದ್ದಾರೆ, ಉಳಿದುಕೊಳ್ಳಲು ಬಂಧುಗಳ ಮನೆಯಿದೆ. 2010ರಲ್ಲಿ ಫೆರಾರಿ ವರ್ಲ್ಡ್, 2013ರಲ್ಲಿ ವಾಟರ್‌ವರ್ಲ್ಡ್, 2018ರಲ್ಲಿ ವಾರ್ನರ್ ಬ್ರದರ್ಸ್ ವರ್ಲ್ಡ್, 2023ರಲ್ಲಿ ಸೀವರ್ಲ್ಡ್ ಎಂದು ಒಂದರ ಪಕ್ಕ ಒಂದು ತೆರೆದಿವೆ. ಭಾರತೀಯರಿಗಾಗಿ ಮಾಡಿದ ಪ್ರಚಾರಕ್ಕೆ ಹಿಂದಿ ನಟ ರಣವೀರ್ ಸಿಂಗ್ ಅವರನ್ನು ಕರೆತಂದರು. ಅವರ ಉತ್ಸಾಹಕ್ಕೆ ಪಾರ್ಕ್‌ಗಳೇ ಹಿನ್ನೆಲೆಯಾಗಿಬಿಡುತ್ತವೆ. ಫಾರ್ಮುಲಾ ರೋಸಾ ಕೋಸ್ಟರ್ ಗಂಟೆಗೆ 240 ಕಿಲೋಮೀಟರ್ ವೇಗ ಮುಟ್ಟುತ್ತದೆ ಎಂಬುದನ್ನು ಪ್ರಚಾರ ಮತ್ತೆ ಮತ್ತೆ ಹೇಳುತ್ತದೆ. ನನ್ನ ದೃಷ್ಟಿಯಲ್ಲಿ ನಮ್ಮವರಿಗೆ ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ವಾಟರ್‌ವರ್ಲ್ಡ್ ಬಿಟ್ಟು ಉಳಿದ ಮೂರೂ ಪಾರ್ಕ್‌ಗಳು ಬಹುಮಟ್ಟಿಗೆ ಸೂರಿನಡಿ, ಹವಾನಿಯಂತ್ರಣದಲ್ಲಿ ಇರುವುದು. ನಮ್ಮ ಶಾಲೆಗಳಿಗೆ ರಜೆ ಸಿಗುವ ಎಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿಯ ಬಿಸಿಲು ಏರುತ್ತಿರುತ್ತದೆ. ಅಜ್ಜಿಯನ್ನು ಕರೆದೊಯ್ಯಬಹುದೇ ಎಂಬ ಪ್ರಶ್ನೆಗೆ ಉತ್ತರ ಆ ಸೂರಿನಲ್ಲಿದೆ, ಕೋಸ್ಟರಿನ ವೇಗದಲ್ಲಿ ಇಲ್ಲ. ದ್ವೀಪದೊಳಗೆ ಪಾರ್ಕ್‌ಗಳ ನಡುವೆ ಉಚಿತ ಬಸ್ಸು ಓಡಾಡುತ್ತದೆ ಎಂಬುದೂ ಮುಂದಿನ ಸಾಲಿಗೆ ಬರಬೇಕಾದ ಮಾತು.

ಇದೇ ದ್ವೀಪಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸುತ್ತೇನೆ. ಯಾಸ್ ದ್ವೀಪದಲ್ಲಿ ಡಿಸ್ನಿ ಪಾರ್ಕ್ ಬರಲಿದೆ ಎಂದು 2025ರ ಮೇ 7ರಂದು ಘೋಷಣೆಯಾಯಿತು. ಘೋಷಣೆಯೊಂದಿಗೆ ಬಂದ ಕಲ್ಪನಾಚಿತ್ರಗಳು ಸಂಗೀತ ಸೇರಿಸಿಕೊಂಡು ಇಲ್ಲಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿವೆ. ನೋಡಿದವರಿಗೆ ಕಟ್ಟಡವೇ ನಿಂತಿರುವಂತೆ ಭಾಸವಾಗುತ್ತದೆ. ಈ ಪರಂಪರೆಯೂ ಹಳೆಯದೇ. 1966ರ ಅಕ್ಟೋಬರಿನಲ್ಲಿ ವಾಲ್ಟ್ ಡಿಸ್ನಿ ದೊಡ್ಡ ನಕ್ಷೆಯ ಮುಂದೆ ನಿಂತು, ಜನ ವಾಸಿಸಿ ದುಡಿಯುವ ಎಪ್ಕಾಟ್ ಎಂಬ ಮಾದರಿ ನಗರವನ್ನು ಫ್ಲಾರಿಡಾದಲ್ಲಿ ಕಟ್ಟುವುದಾಗಿ ಕ್ಯಾಮೆರಾಗೆ ವಿವರಿಸಿದರು, ಡಿಸೆಂಬರಿನಲ್ಲಿ ತೀರಿಕೊಂಡರು, ಆ ನಗರ ಏಳಲೇ ಇಲ್ಲ. 1982ರಲ್ಲಿ ಅದೇ ಹೆಸರಿನಲ್ಲಿ ತೆರೆದದ್ದು ಟಿಕೆಟ್ ಕೊಂಡು ನೋಡುವ ಇನ್ನೊಂದು ಪಾರ್ಕ್.

ಸಿಂಗಾಪುರದ ವೀಡಿಯೊಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆಂಟೋಸಾ ದ್ವೀಪದ ಆ ಯೂನಿವರ್ಸಲ್ ಪಾರ್ಕ್ ಸುಮಾರು 20 ಹೆಕ್ಟೇರಿನಷ್ಟು ಮಾತ್ರ. ಒಂದು ದಿನಕ್ಕೆ ಸರಿಹೋಗುತ್ತದೆ, ಸರದಿ ತಪ್ಪಿಸುವ ಎಕ್ಸ್‌ಪ್ರೆಸ್ ಪಾಸಿಗೆ ಬೇರೆ ಹಣ ಕೊಡಬೇಕು, ಮಿನಿಯನ್ ಲ್ಯಾಂಡ್ 2025ರ ಫೆಬ್ರವರಿಯಲ್ಲಿ ತೆರೆದಿದೆ. ಇಷ್ಟು ತಿಳಿದರೆ ಹೊರಡಬಹುದು.

ನಮ್ಮ ಕಡೆಯ ಬಹುಪಾಲು ಕುಟುಂಬಗಳು ನಿಜವಾಗಿ ಹೋಗುವುದು ಬಿಡದಿಯ ವಂಡರ್‌ಲಾಕ್ಕೆ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಆಗಿ ಆರಂಭವಾದ ಈ ಸಂಸ್ಥೆ ಬೆಂಗಳೂರಿನ ಪಾರ್ಕನ್ನು ತೆರೆದದ್ದು 2005ರಲ್ಲಿ. ನಮ್ಮ ಭಾಷೆಯಲ್ಲಿ, ನಮ್ಮಂಥದೇ ಮುಖಗಳೊಂದಿಗೆ ಇದರ ಪ್ರಚಾರ ಸಿಗುತ್ತದೆ ಎಂಬುದು ದೊಡ್ಡ ಅನುಕೂಲ. ಆದರೆ ಪ್ರಚಾರದಲ್ಲಿ ಬೆಂಗಳೂರು ಎಂದು ಕೇಳಿ ರಾತ್ರಿ ಬಸ್ಸು ಹತ್ತುವವರು ಸ್ಥಳವನ್ನು ನಕ್ಷೆಯಲ್ಲಿ ನೋಡಿಕೊಳ್ಳಬೇಕು. ಶಿರಾಡಿ ಘಾಟಿ ಹತ್ತಿ ಹಾಸನ, ಕುಣಿಗಲ್, ನೆಲಮಂಗಲದ ದಾರಿಯಾಗಿ ಬರುವ ಬಸ್ಸು ನಗರದ ಒಂದು ಬದಿಯಿಂದ ಒಳಹೋಗುತ್ತದೆ. ಪಾರ್ಕ್ ಇರುವುದು ನಗರದಿಂದ ಸುಮಾರು 28 ಕಿಲೋಮೀಟರ್ ದೂರದಲ್ಲಿ, ಮೈಸೂರು ರಸ್ತೆಯ ಬದಿಯಲ್ಲಿ. ಬೆಳಗಿನ ಸಂಚಾರದಲ್ಲಿ ಆ ದಾರಿ ನುಂಗುವ ಸಮಯವನ್ನೂ, ಹಲ್ಲುಜ್ಜಿ ಮುಖ ತೊಳೆಯಲು ಬೇಕಾದ ಜಾಗವನ್ನೂ ಲೆಕ್ಕಕ್ಕೆ ಹಿಡಿದರೆ ಗೇಟು ತೆರೆಯುವ ಹೊತ್ತಿಗೆ ಮುಟ್ಟುವುದು ಕಷ್ಟವೇ. ಪಾರ್ಕಿನ ಆವರಣದಲ್ಲೇ ರೆಸಾರ್ಟ್ ಇದೆ. ದುಬಾರಿಯಾದರೂ ದೂರದಿಂದ ಬರುವವರಿಗೆ ಅದರ ಪ್ರಯೋಜನವೇನೆಂದು ವಿವರಿಸುವ ವೀಡಿಯೊ ಮಾಡಿದರೆ ಅದರ ಮೊದಲ ಪ್ರೇಕ್ಷಕರು ಕರಾವಳಿಯವರೇ ಆಗಿರುತ್ತಾರೆ.

ಇನ್ನೊಂದು ಸಂಗತಿ ಉಡುಪು. ನೀರಿನ ಆಟಗಳಿಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೇ ಆಗಬೇಕು, ಹತ್ತಿಯದು ನಡೆಯದು. ಹತ್ತಿಯ ನೂಲೆಳೆಗಳು ಬಿಟ್ಟುಕೊಂಡು ನೀರು ಸೋಸುವ ಯಂತ್ರಗಳಲ್ಲಿ ಸೇರಿಕೊಳ್ಳುತ್ತವೆ, ಸಡಿಲವಾದ ಬಟ್ಟೆ ಜಾರುಬಂಡೆಯಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ, ನಿಯಮಕ್ಕೆ ಕಾರಣವುಂಟು. ಪಣಂಬೂರು, ಮಲ್ಪೆಯ ಕಡಲಿಗೆ ಚೂಡಿದಾರದಲ್ಲೇ ಇಳಿದು ರೂಢಿಯಿರುವ ನಮ್ಮ ಹೆಂಗಸರು ಈ ನಿಯಮವನ್ನು ಗೇಟಿನೊಳಗೆ ಹೋದ ಮೇಲೆ ತಿಳಿದುಕೊಂಡರೆ, ಅಲ್ಲೇ ಕೊಳ್ಳಬೇಕು, ಇಲ್ಲವೇ ದಡದಲ್ಲಿ ಚೀಲ ಕಾಯುತ್ತಾ ಕೂರಬೇಕು. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ, ಲಾಕರಿಗೆ ಪ್ರತ್ಯೇಕ ಬಾಡಿಗೆ ಇದೆ. ಇವೆಲ್ಲ ಜಾಲತಾಣದಲ್ಲಿ ಬರೆದಿರುವ ಸಂಗತಿಗಳೇ. ಅಲೆಯ ಕೊಳದ ಕುಣಿತಕ್ಕೆ ಮೀಸಲಿಟ್ಟ ಸೆಕೆಂಡುಗಳಲ್ಲಿ ಹತ್ತನ್ನು ಇದಕ್ಕೆ ಕೊಟ್ಟರೆ ವೀಡಿಯೊದ ಮೆರುಗೇನೂ ಕುಂದುವುದಿಲ್ಲ.

ಎಲ್ಲಕ್ಕಿಂತ ಕೆಳಗಿನ ಸ್ಥಾನವನ್ನು ನಾನು ಕೊಡುವುದು ಊರಿನ ಏಜೆನ್ಸಿಗಳು ಹಂಚುವ ಪ್ಯಾಕೇಜ್ ವೀಡಿಯೊಗಳಿಗೆ. ಪಾರ್ಕಿನವರ ದೃಶ್ಯಗಳನ್ನೇ ಕತ್ತರಿಸಿ, ಕನ್ನಡ ಅಥವಾ ತುಳುವಿನಲ್ಲಿ ಆಕರ್ಷಕ ದನಿ ಸೇರಿಸಿ, ತಲೆಗೆ ಇಷ್ಟು ಸಾವಿರ ಎಂದು ದೊಡ್ಡ ಅಕ್ಷರದಲ್ಲಿ ತೋರಿಸಿ, ವೀಸಾ ಶುಲ್ಕ, ತೆರಿಗೆ, ಪಾರ್ಕಿನ ಟಿಕೆಟ್ ಯಾವುದೂ ಸೇರಿಲ್ಲ ಎಂಬುದನ್ನು ಕೊನೆಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹಾಯಿಸಿಬಿಡುವ ವೀಡಿಯೊಗಳು ಬೇಕಾದಷ್ಟಿವೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನಲ್ಲಿ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದಕ್ಕೆ ಸಂಬಂಧಿಸಿದ ಷರತ್ತಿನ ಮಾತೂ ಅದೇ ಭಾಷೆಯಲ್ಲಿರಬೇಕು. ಹಣ ಅಥವಾ ಉಚಿತ ಪ್ರವಾಸ ಪಡೆದು ಹೊಗಳುವವರು ಆ ಸಂಬಂಧವನ್ನು ಬಹಿರಂಗಪಡಿಸಬೇಕೆಂಬುದೂ ನಿಯಮವೇ. ಹಾಗಾಗಿ ಕನ್ನಡದಲ್ಲಿ ಬೆಲೆ ಹೇಳಿದ ಏಜೆನ್ಸಿಯಿಂದ, ಆ ಬೆಲೆಯಲ್ಲಿ ಏನೆಲ್ಲ ಸೇರಿದೆ, ಏನೆಲ್ಲ ಸೇರಿಲ್ಲ ಎಂಬ ಪಟ್ಟಿಯನ್ನು ಕನ್ನಡದಲ್ಲೇ, ಮುಂಗಡ ಕೊಡುವ ಮೊದಲೇ, ಬರಹದಲ್ಲಿ ಕೇಳಿ ಪಡೆಯಲು ಯಾರೂ ಸಂಕೋಚಪಡಬೇಕಾಗಿಲ್ಲ.